ಒಳಲೆಯಲ್ಲಿ ಕುಡಿಸಿದವರಿಗೆ

ಹೋದ ವಾರಕ್ಕೆ ನನ್ನ ಆಪರೇಷನ್ ಆಗಿ ಒಂದು ವರ್ಷ ತುಂಬಿತು. ತೂಕ ಇಳಿಸುವ ಆಪರೇಷನ್, ಸ್ಲೀವ್ ಅಂತಾರೆ. ಅವತ್ತು 118 ಕೆಜಿ ಇದ್ದೆ, ಈಗ 82. ಇದನ್ನು ಕೇಳಿದವರೆಲ್ಲ ಖುಷಿಪಟ್ಟು ನನ್ನ ಕೈ ಕುಲುಕುತ್ತಾರೆ. ಆದರೆ ಈ ವರ್ಷವನ್ನು ನಾನೊಬ್ಬಳೇ ದಾಟಿಲ್ಲ. ನನಗೋಸ್ಕರ ಕಡಿಮೆ ಬಡಿಸೋದನ್ನು ಕಲಿತ ಜನ ಇದ್ದಾರೆ. ನಮ್ಮಲ್ಲಿ ಅದು ಸುಲಭದ ಕೆಲಸ ಅಲ್ಲ, ಅಲ್ವಾ? ಎದುರಿಗೆ ಸಿಕ್ಕವರನ್ನು ಮೊದಲು ಕೇಳೋದೇ ‘ಊಟ ಆಯ್ತಾ’ ಅಂತ. ಮನೆಗೆ ಬಂದವರು ಸಾಕು ಸಾಕು ಅಂತ ಎಲೆಗೆ ಕೈ ಅಡ್ಡ ಹಿಡಿದರೂ ಬೆರಳ ಸಂದಿಯಲ್ಲೇ ಇನ್ನೊಂದು ಸೌಟು ಸಾರು ಬಿಡೋರು ನಾವು. ಅಂಥವರು ನನಗಾಗಿ ಸೌಟನ್ನು ಕೆಳಗಿಟ್ಟರು. ಅವರಿಗೆ ಥ್ಯಾಂಕ್ಸ್ ಹೇಳೋದಕ್ಕೇ ಇದನ್ನು ಬರೆಯುತ್ತಿದ್ದೇನೆ.

ಆಪರೇಷನ್ ಯಾಕೆ ಅನ್ನೋದನ್ನು ಬೇಗ ಹೇಳಿ ಮುಗಿಸ್ತೀನಿ. ಒಂಬತ್ತು ವರ್ಷದಿಂದ ಶುಗರ್, ಜೊತೆಗೆ ಬಿಪಿ. ರಾತ್ರಿ ನಿದ್ದೆಯಲ್ಲಿ ಉಸಿರು ನಿಂತು ನಿಂತು ಬರುತ್ತಿತ್ತು, ಮೂಗಿಗೆ ಮಾಸ್ಕ್ ಹಾಕಿಕೊಂಡು ಮಷೀನ್ ಇಟ್ಟುಕೊಂಡೇ ಮಲಗಬೇಕಿತ್ತು. ಹನುಮಂತನಗರದಲ್ಲಿ ನಮ್ಮದು ಎರಡನೇ ಮಹಡಿ ಮನೆ. ತರಕಾರಿ ಚೀಲ ಹಿಡಿದು ಹತ್ತುವಾಗ ಮಧ್ಯದಲ್ಲಿ ಕೂರುತ್ತಿದ್ದೆ. ಡಯಟ್ ಮಾಡಿಲ್ಲ ಅಂತಲ್ಲ, ಎಷ್ಟು ಸಲ ಇಳಿಸಿ ಎಷ್ಟು ಸಲ ಏರಿಸಿಕೊಂಡೆನೋ ಲೆಕ್ಕವೇ ಇಲ್ಲ. ಹಿಂದೆ ಒಂದು ಕಡೆ ತೋರಿಸಿಕೊಳ್ಳೋಕೆ ಹೋದಾಗ, ಬಾಯಿ ಕಟ್ಟಿದರೆ ಎಲ್ಲ ಸರಿ ಹೋಗುತ್ತೆ ಅಂತ ನಾಲ್ಕು ಜನರ ಮುಂದೆ ಅಂದುಬಿಟ್ಟಿದ್ದರು. ಆಮೇಲೆ ಎರಡು ವರ್ಷ ನಾನು ಯಾವ ಡಾಕ್ಟರ ಹತ್ತಿರವೂ ಹೋಗಲಿಲ್ಲ.

ಅದಕ್ಕೇ ಮೊದಲ ಕೃತಜ್ಞತೆ ನನಗೆ ಆಪರೇಷನ್ ಮಾಡಿದ ಡಾಕ್ಟರಿಗೆ. ಅವರು ಚೀಟಿಯ ಹಿಂದೆ ಹೊಟ್ಟೆಯ ಚಿತ್ರ ಬರೆದು ತೋರಿಸಿದರು. ಮುಕ್ಕಾಲು ಭಾಗಕ್ಕಿಂತ ಜಾಸ್ತಿ ತೆಗೆಯುತ್ತೇವೆ, ಬಾಳೆಹಣ್ಣಿನ ಆಕಾರದ ಒಂದು ಕೊಳವೆಯಷ್ಟೇ ಉಳಿಯುತ್ತೆ, ಹಸಿವನ್ನು ಹೆಚ್ಚಿಸುವ ಗ್ರೆಲಿನ್ ಅನ್ನೋ ಹಾರ್ಮೋನು ಜಾಸ್ತಿ ತಯಾರಾಗೋದು ನಾವು ತೆಗೆಯೋ ಭಾಗದಲ್ಲೇ ಅಂದರು. ಆಮೇಲೆ ಪೆನ್ನು ಕೆಳಗಿಟ್ಟು, ‘ಇದು ಕಾಯಿಲೆ ಕಣಮ್ಮ, ನಿಮ್ಮ ತಪ್ಪಲ್ಲ’ ಅಂದರು. ಆಟೋದಲ್ಲಿ ವಾಪಸ್ ಬರುವಾಗ ಸೌತ್ ಎಂಡ್ ಸರ್ಕಲ್ಲಿನಿಂದ ಮನೆವರೆಗೂ ಅಳುತ್ತಲೇ ಇದ್ದೆ. ನಮ್ಮ ಮನೆಯವರು ಏನೂ ಕೇಳದೆ ಪಕ್ಕದಲ್ಲಿ ಕೂತಿದ್ದರು.

ಈಗ ನಮ್ಮ ಅತ್ತೆಯ ವಿಷಯ. ಅವರಿಗೆ 71 ವರ್ಷ. ಆಪರೇಷನ್ ಬೇಡವೇ ಬೇಡ ಅಂತ ಒಂದು ತಿಂಗಳು ಹಠ ಹಿಡಿದವರು. ಚೆನ್ನಾಗಿರೋ ಹೊಟ್ಟೆಯನ್ನು ಯಾಕೆ ಕುಯ್ಸ್ಕೋತೀಯ ಅಂತ ಕಣ್ಣೀರು ಹಾಕಿದ್ದರು. ಮನೆಗೆ ಬಂದ ಮೊದಲ ದಿನ ಬೇಳೆ ಕಟ್ಟನ್ನು ತೆಳ್ಳಗೆ ಸೋಸಿ ಸ್ಟೀಲ್ ಲೋಟದಲ್ಲಿ ಕೊಟ್ಟರು. ನಾನು ಅಭ್ಯಾಸದಂತೆ ಎರಡು ಗುಟುಕು ಕುಡಿದೆ. ಎದೆಯ ನಡುವೆ ಯಾರೋ ಮೊಣಕೈ ಊರಿದ ಹಾಗೆ ನೋವು, ಬಾಯಿ ತುಂಬ ನೀರು. ಅತ್ತೆ ಲೋಟ ತೆಗೆದುಕೊಂಡು ಒಳಗೆ ಹೋದರು. ಟ್ರಂಕು ತೆಗೆದ ಸದ್ದು ಕೇಳಿಸಿತು. ಸ್ವಲ್ಪ ಹೊತ್ತಾದ ಮೇಲೆ ಕೈಯಲ್ಲಿ ಒಂದು ಬೆಳ್ಳಿಯ ಒಳಲೆ ಹಿಡಿದು ಬಂದರು.

ಒಳಲೆ ನೋಡಿಲ್ಲದವರಿಗೆ ಹೇಳುತ್ತೇನೆ. ಎಳೆ ಮಗುವಿಗೆ ಹಾಲು, ಔಷಧಿ ಕುಡಿಸುವ ಪುಟ್ಟ ಬಟ್ಟಲು ಅದು, ಒಂದು ಕಡೆ ಉದ್ದ ಮೂತಿ ಇರುತ್ತದೆ. ನಮ್ಮ ಮನೆಯದು ಅಂಗೈಯೊಳಗೆ ಮುಚ್ಚಿಹೋಗುವಷ್ಟು ಚಿಕ್ಕದು. ಅಂಚು ಒಂದು ಕಡೆ ನಗ್ಗಿದೆ, ಅಡಿಯಲ್ಲಿ ಕಪ್ಪು ಹಿಡಿದಿತ್ತು. ‘ನಿನ್ನ ಗಂಡನಿಗೆ ಇದರಲ್ಲೇ ಕುಡಿಸಿದ್ದು, ನೀನೂ ಇದರಲ್ಲೇ ಕುಡಿ’ ಅಂದರು. ಟಾನಿಕ್ ಬಾಟಲಿಯ ಮುಚ್ಚಳದಲ್ಲಿ ಅಳೆದು ನೋಡಿದೆವು. ಸರಿಯಾಗಿ 30 ಎಂಎಲ್ ಹಿಡಿಯಿತು. ದಿನಕ್ಕೆ ಒಂದೂವರೆ ಲೀಟರ್ ಒಳಗೆ ಹೋಗಬೇಕು ಅಂತ ಆಸ್ಪತ್ರೆಯಲ್ಲಿ ಹೇಳಿದ್ದರು. ಅಂದರೆ ಐವತ್ತು ಒಳಲೆ.

ಅತ್ತೆ ಹಾಲಿನ ಲೆಕ್ಕ ಬರೆಯೋ ಕ್ಯಾಲೆಂಡರಿನಲ್ಲಿ ಗೀಟು ಹಾಕೋಕೆ ಶುರು ಮಾಡಿದರು. ನಾಲ್ಕು ಗೀಟು, ಮೇಲೊಂದು ಅಡ್ಡ. ಬೇಳೆ ಕಟ್ಟು, ಎಳನೀರು, ಗಂಜಿ ತಿಳಿ, ಸೋಸಿದ ಮಜ್ಜಿಗೆ. ಒಂದು ಒಳಲೆ ಮುಗಿಯೋಕೆ ಹತ್ತು ಹದಿನೈದು ನಿಮಿಷ. ಮೊದಲ ದಿನ 22 ಗೀಟು, ವಾರ ಕಳೆದಾಗ 38. ಸೀರಿಯಲ್ ನೋಡುವಾಗಲೂ ಗಡಿಯಾರದ ಕಡೆ ಒಂದು ಕಣ್ಣು. ನನಗೆ ಬೇಸರ ಬಂದರೂ ಅವರಿಗೆ ಬರಲಿಲ್ಲ.

ಮೂರನೇ ವಾರ ನಾನು ಒಂದು ತಪ್ಪು ಮಾಡಿದೆ, ಅತ್ತೆಗೆ ಇವತ್ತು ಅದನ್ನು ಹೇಳಲೇಬೇಕು. ಕುಡಿಯೋದೇ ಸಾಕಾಗಿ ಹೋಗಿತ್ತು. ತೂಕವೂ ಹತ್ತು ದಿನ ನೂರು ಗ್ರಾಂ ಕೂಡ ಇಳಿಯದೆ ನಿಂತಿತ್ತು. ಮೂರನೇ ವಾರದ ಹೊತ್ತಿಗೆ ಎಷ್ಟೋ ಜನಕ್ಕೆ ಹಾಗೆ ನಿಲ್ಲುತ್ತೆ ಅಂತ ಆಮೇಲೆ ಗೊತ್ತಾಯಿತು, ಆಗ ಎಲ್ಲ ವ್ಯರ್ಥ ಆಯ್ತು ಅಂದುಕೊಂಡಿದ್ದೆ. ಅತ್ತೆ ಅಡುಗೆಮನೆಗೆ ಹೋದಾಗ ಒಳಲೆಯಲ್ಲಿ ಇದ್ದಿದ್ದನ್ನು ವಾಷ್ ಬೇಸಿನ್ನಿಗೆ ಚೆಲ್ಲಿ, ಆಯ್ತು ಅತ್ತೆ ಅಂತಿದ್ದೆ. ಅವರು ನಂಬಿ ಗೀಟು ಹಾಕುತ್ತಿದ್ದರು. ನಾಲ್ಕನೇ ದಿನ ಬಚ್ಚಲಲ್ಲಿ ತಲೆ ಸುತ್ತಿ ಕುಸಿದೆ. ಮೈಯಲ್ಲಿ ನೀರಿನ ಅಂಶ ಕಮ್ಮಿಯಾಗಿದೆ ಅಂತ ಒಂದು ರಾತ್ರಿ ಡ್ರಿಪ್ ಹಾಕಿದರು. ನಾನೇ ಲೆಕ್ಕ ತಪ್ಪಿಸಿದೆನಾ ಅಂತ ಅತ್ತೆ ಎಲ್ಲರನ್ನೂ ಕೇಳುತ್ತಿದ್ದರು. ಇಲ್ಲ ಅತ್ತೆ, ನಿಮ್ಮ ಲೆಕ್ಕ ಸರಿಯಾಗಿತ್ತು. ಸುಳ್ಳು ಹೇಳಿದ್ದು ನಾನು. ಕ್ಷಮಿಸಿ.

ಡ್ರಿಪ್ ಹಾಕಿದ ರಾತ್ರಿ ಗಾಬರಿಯಲ್ಲಿ ಫೋನ್ ಮಾಡಿದ್ದು ನಮ್ಮ ಡಯಟೀಷಿಯನ್ ಮೇಡಂಗೆ. ಅವರು ಬೈಯಲಿಲ್ಲ. ‘ತೂಕದ ಮಷೀನನ್ನು ಒಂದು ತಿಂಗಳು ಮಂಚದ ಕೆಳಗೆ ತಳ್ಳಿ’ ಅಂದರು. ಈ ಮೇಡಂ ನಮ್ಮ ಮನೆ ಅಡುಗೆಯನ್ನು ಕೇಳಿ ತಿಳಿದುಕೊಂಡು ಅದರಿಂದಲೇ ಪಟ್ಟಿ ಮಾಡಿಕೊಟ್ಟವರು. ಎರಡು ವಾರ ತೆಳು, ಆಮೇಲೆ ನುಣ್ಣಗೆ ರುಬ್ಬಿದ್ದು, ಆಮೇಲೆ ಮೆತ್ತಗಿನದು, ಎರಡು ತಿಂಗಳು ಕಳೆದ ಮೇಲೆ ಮಾಮೂಲಿ ಊಟ. ದಿನಕ್ಕೆ 60 ಗ್ರಾಂ ಪ್ರೋಟೀನ್ ಬೇಕೇ ಬೇಕು ಅಂದಾಗ ನಾನು ಕಂಗಾಲಾಗಿದ್ದೆ. ಒಂದು ಮೊಟ್ಟೆಯಲ್ಲಿ ಇರೋದು ಆರು ಗ್ರಾಂ. ಹೊಟ್ಟೆ ಹಿಡಿಸೋದು ಅರ್ಧ ಬಟ್ಟಲು. ಅವರೇ ದಾರಿ ತೋರಿಸಿದರು. ಹುರುಳಿ ಕಟ್ಟು, ರುಬ್ಬಿದ ಹೆಸರುಕಾಳು, ಗಟ್ಟಿ ಮೊಸರು, ಪನ್ನೀರು, ಬೇಯಿಸಿದ ಮೀನು, ಕೋಳಿಯ ಸೂಪು, ಸಾಲದಿದ್ದರೆ ಹಾಲಿಗೆ ಪ್ರೋಟೀನ್ ಪುಡಿ. ತಟ್ಟೆಯಲ್ಲಿ ಮೊದಲು ಕಾಳು ಅಥವಾ ಮೊಟ್ಟೆ, ಆಮೇಲೆ ಪಲ್ಯ, ಜಾಗ ಇದ್ದರೆ ಕೊನೆಗೆ ಅನ್ನ. ಊಟದ ಜೊತೆ ನೀರು ಇಲ್ಲ, ಮುಗಿದು ಅರ್ಧ ಗಂಟೆ ಆದ ಮೇಲೆ. ಅನ್ನ ಗುಡ್ಡೆ ಮಾಡಿ ಸಾರಿಗೆ ಗುಳಿ ತೋಡೋ ಕೈಗೆ ಇದು ತಿಂಗಳುಗಟ್ಟಲೆ ಒಗ್ಗಲಿಲ್ಲ.

ಎಲ್ಲಕ್ಕಿಂತ ಕಷ್ಟ ಆಗಿದ್ದು ಮುದ್ದೆ. ನಮ್ಮ ಅಪ್ಪನ ಊರು ಮಂಡ್ಯ ಕಡೆ. ಮುದ್ದೆಯನ್ನು ನುಂಗಬೇಕು, ಅಗಿಯಬಾರದು ಅಂತ ನನಗೆ ಐದು ವರ್ಷ ಇದ್ದಾಗ ತೊಡೆ ಮೇಲೆ ಕೂರಿಸಿಕೊಂಡು ಕಲಿಸಿದವರು ಅವರು. ಈಗ ಡಾಕ್ಟರು ಪ್ರತಿ ತುತ್ತನ್ನೂ ಇಪ್ಪತ್ತು ಮೂವತ್ತು ಸಲ ಅಗಿಯಬೇಕು, ನುಂಗಿದರೆ ಸಿಕ್ಕಿಹಾಕಿಕೊಳ್ಳುತ್ತೆ ಅಂತಾರೆ. ನಾಲ್ಕನೇ ತಿಂಗಳು ನೆಂಟರ ಮದುವೆಯಲ್ಲಿ, ಮುದ್ದೆಯೂ ಅಲ್ಲ, ಒಂದೇ ಒಂದು ತುತ್ತು ಅನ್ನವನ್ನು ಮಾತಾಡುತ್ತಾ ನುಂಗಿಬಿಟ್ಟೆ. ಕೈ ತೊಳೆಯೋ ಜಾಗಕ್ಕೆ ಓಡಿ ವಾಂತಿ ಮಾಡಿಕೊಂಡೆ. ಹಿಂದೆಯೇ ಬಂದ ಚಿಕ್ಕಮ್ಮ ನನ್ನ ಸೆರಗು ಎತ್ತಿ ಹಿಡಿದು, ಬೆನ್ನು ಸವರಿ, ಹೊರಗೆ ನಿಂತಿದ್ದವರಿಗೆ ‘ಸೆಕೆ ಜಾಸ್ತಿ ಆಯ್ತು ಅಷ್ಟೇ’ ಅಂದು ಸುಮ್ಮನಾಗಿಸಿದರು. ಚಿಕ್ಕಮ್ಮ, ಅವತ್ತು ನೀವು ಒಂದು ಪ್ರಶ್ನೆಯನ್ನೂ ಕೇಳಲಿಲ್ಲ. ಅದು ಎಷ್ಟು ದೊಡ್ಡದಾಗಿತ್ತು ಅಂತ ನಿಮಗೆ ಗೊತ್ತಿರಲಿಕ್ಕಿಲ್ಲ.

ಅವರೆಕಾಯಿ ಕಾಲ ಬಂದಾಗ ಅಪ್ಪ ಮನೆಗೆ ಬಂದಿದ್ದರು. ಹಿತಕಿದ ಬೇಳೆ ಸಾರಿನ ಘಮ ಮನೆಯೆಲ್ಲ. ಅಪ್ಪ ಅಡುಗೆಮನೆಗೆ ಹೋಗಿ, ನೀರು ಕೈ ಮಾಡಿಕೊಂಡು, ಬಿಸಿ ಮುದ್ದೆಯಿಂದ ನಿಂಬೆಹಣ್ಣಿನ ಗಾತ್ರ ತೆಗೆದು ಉಂಡೆ ಕಟ್ಟಿದರು. ದೊಡ್ಡ ಮುದ್ದೆ ಕಟ್ಟಿ ಅಭ್ಯಾಸ ಆದ ಅಂಗೈ ಅದು, ಉಂಡೆ ಅದರೊಳಗೆ ಕಾಣುತ್ತಲೇ ಇರಲಿಲ್ಲ. ನನ್ನ ತಟ್ಟೆಗೆ ಇಟ್ಟು, ‘ಅಗಿದೇ ತಿನ್ನು ಮಗ, ಏನೂ ಆಗಲ್ಲ’ ಅಂದರು. ಆಮೇಲೆ ತಾವೂ ಒಂದು ತುತ್ತು ಬಾಯಿಗೆ ಹಾಕಿಕೊಂಡು ನನ್ನ ಜೊತೆ ನಿಧಾನವಾಗಿ ಅಗಿಯತೊಡಗಿದರು. ಅಪ್ಪ ಮುದ್ದೆ ಅಗಿದಿದ್ದನ್ನು ನಾನು ನೋಡಿದ್ದು ಅದೇ ಮೊದಲು.

ಮೈ ಬದಲಾಗುವುದು ಬರೀ ಇಳಿಯುವುದಲ್ಲ. ನಾಲ್ಕನೇ ತಿಂಗಳಿಂದ ಕೂದಲು ಉದುರೋಕೆ ಶುರುವಾಯಿತು. ಕಸ ಗುಡಿಸಿದರೆ ಮೂಲೆಯಲ್ಲಿ ಉಂಡೆ ಉಂಡೆ. ಇಷ್ಟು ಬೇಗ ತೂಕ ಇಳಿದಾಗ ಮೈ ಹೀಗೆ ಮಾಡುತ್ತೆ, ಮತ್ತೆ ಬರುತ್ತೆ ಅಂತ ಮೇಡಂ ಮೊದಲೇ ಹೇಳಿದ್ದರು. ಆದರೂ ಕನ್ನಡಿ ಮುಂದೆ ಧೈರ್ಯ ಇರುತ್ತಿರಲಿಲ್ಲ. ಗಾಂಧಿ ಬಜಾರಿನಲ್ಲಿ ನಾನು ಹೂವು ಕೊಳ್ಳೋ ಅಮ್ಮ ಎರಡು ಮೊಳ ಅಳೆಯೋಕೆ ಹೋದವರು ನನ್ನ ಜಡೆ ನೋಡಿ ಕೈ ತಡೆದರು. ಅರ್ಧ ಮೊಳ ಕತ್ತರಿಸಿ, ಪಿನ್ನು ಸಮೇತ ತಾವೇ ಮುಡಿಸಿ, ‘ಬೆಳೆಯೋವರೆಗೂ ಇಷ್ಟೇ ತಗೋ, ದುಡ್ಡು ಆಮೇಲೆ ಕೊಡು’ ಅಂದರು. ಈಗ ಹಣೆಯ ಅಂಚಿನಲ್ಲಿ ಹೊಸ ಕೂದಲು ಎದ್ದು ನಿಂತಿದೆ ಅಮ್ಮ, ಬಂದು ತೋರಿಸ್ತೀನಿ.

ಉಂಗುರಕ್ಕೆ ದಾರ ಸುತ್ತಿದೆ, ಇನ್ನೊಂದು ಸಲ ಸುತ್ತಿದೆ, ಕೊನೆಗೆ ತೆಗೆದಿಟ್ಟೆ. ಜುಲೈ ಮಳೆಗೆ ಒಂದು ಸ್ವೆಟರ್ ಸಾಲುತ್ತಿಲ್ಲ, ಮೊದಲು ನನಗೆ ಚಳಿ ಅಂದರೇನು ಅಂತಲೇ ಗೊತ್ತಿರಲಿಲ್ಲ. ತೋಳಿನ, ಹೊಟ್ಟೆಯ ಚರ್ಮ ಸಡಿಲವಾಗಿ ಜೋತುಬಿದ್ದಿದೆ. ಇದು ಹೀಗೇ ಇರುತ್ತೆ, ಬೇಕಾದರೆ ಅದಕ್ಕೆ ಬೇರೆ ಆಪರೇಷನ್ ಮಾಡಿಸಬೇಕು. ನಾನು ಸದ್ಯಕ್ಕೆ ಬೇಡ ಅಂದುಕೊಂಡಿದ್ದೇನೆ. ನಮ್ಮ ಟೈಲರ್ ಅಕ್ಕ ಒಂದೇ ರವಿಕೆಗಳನ್ನು ಮೂರು ಸಲ ಹಿಡಿದುಕೊಟ್ಟರು, ತೋಳು ಮೊಣಕೈವರೆಗೆ ಇರಲಿ ಅಂತ ನಾನು ಬಾಯಿಬಿಟ್ಟು ಹೇಳೋ ಮೊದಲೇ ಬಟ್ಟೆ ಸೇರಿಸಿ ಹೊಲಿದಿದ್ದರು.

ಮನಸ್ಸಿನ ಬಗ್ಗೆ ಯಾರೂ ಜಾಸ್ತಿ ಹೇಳಲ್ಲ. ಬೇಜಾರಾದಾಗ, ಸುಸ್ತಾದಾಗ, ಖುಷಿಯಾದಾಗ ನಾನು ತಿನ್ನುತ್ತಿದ್ದೆ. ಆ ಬಾಗಿಲು ಒಂದೇ ದಿನದಲ್ಲಿ ಮುಚ್ಚಿತು. ಹೊಟ್ಟೆಗೆ ಹಸಿವಿಲ್ಲ, ತಲೆಗೆ ಇದೆ. ಸಂಜೆ ಐದಕ್ಕೆ ಸುಮ್ನೆ ಅಳು ಬರುತ್ತಿತ್ತು. ಒಬ್ಬರು ಕೌನ್ಸೆಲರ್ ಹತ್ತಿರ ಮೂರು ತಿಂಗಳು ಹೋದೆ, ಅವರಿಗೆ ನಾನು ಋಣಿ. ಆಫೀಸಿನ ಗೆಳತಿಗೂ. ಅವಳು ಸಂಜೆ ಬೈಟು ಕಾಫಿ ತರಿಸಿ, ನನ್ನ ಪಾಲಿನಲ್ಲೂ ಅರ್ಧ ತಾನೇ ಕುಡಿದು, ಉಳಿದಿದ್ದನ್ನು ನನ್ನ ಕಡೆ ತಳ್ಳುತ್ತಿದ್ದಳು. ಭಾನುವಾರ ಬೆಳಿಗ್ಗೆ ಆರಕ್ಕೆ ಮನೆ ಕೆಳಗೆ ಬಂದು ಹಾರ್ನ್ ಹೊಡೆಯುತ್ತಿದ್ದಳು. ಮೊದಮೊದಲು ಲಾಲ್‌ಬಾಗಿನ ಗೇಟಿನಿಂದ ಗಾಜಿನ ಮನೆವರೆಗೆ ಮಾತ್ರ. ಮಾರ್ಚಿನಲ್ಲಿ ಒಂದು ದಿನ ಬಂಡೆ ಹತ್ತಿದೆವು. 300 ಕೋಟಿ ವರ್ಷದ ಬಂಡೆ ಅಂತ ಅಲ್ಲಿ ಬೋರ್ಡು ಹಾಕಿದ್ದಾರೆ. ಈ ಊರಲ್ಲೇ ಹುಟ್ಟಿ ಬೆಳೆದ ನಾನು ದೊಡ್ಡವಳಾದ ಮೇಲೆ ಅದರ ಮೇಲೆ ಹೋಗೇ ಇರಲಿಲ್ಲ. ಕೆಂಪೇಗೌಡರ ಗೋಪುರದ ಹತ್ತಿರ ನಿಂತಾಗ ಉಸಿರು ಸಮವಾಗಿತ್ತು. ಅವಳು ನನ್ನ ಕೈ ಹಿಡಿದುಕೊಂಡಿದ್ದಳು, ಅಷ್ಟೇ, ಮಾತಾಡಲಿಲ್ಲ.

ನಮ್ಮ ರಸ್ತೆಯ ಮೆಡಿಕಲ್ ಸ್ಟೋರಿನ ಅಣ್ಣನನ್ನು ಬಿಡೋ ಹಾಗಿಲ್ಲ. ಮಂಡಿನೋವಿಗೆ ನಾನು ಹಳೇ ಅಭ್ಯಾಸದಲ್ಲಿ ಒಂದು ಮಾತ್ರೆ ಕೇಳಿದಾಗ, ನಿಮ್ಮ ಡಾಕ್ಟರನ್ನು ಕೇಳದೆ ಇದನ್ನು ನಾನು ಕೊಡಲ್ಲಕ್ಕ, ಈ ಹೊಟ್ಟೆಗೆ ಹುಣ್ಣಾಗಬಹುದು ಅಂತ ವಾಪಸ್ ಕಳಿಸಿದವರು. ಕಬ್ಬಿಣದ ಮಾತ್ರೆ, ಕ್ಯಾಲ್ಸಿಯಂ ಎರಡನ್ನೂ ಒಟ್ಟಿಗೆ ನುಂಗಬೇಡಿ, ಎರಡು ಗಂಟೆ ಬಿಡಿ ಅಂತ ಕವರಿನ ಮೇಲೆ ಕನ್ನಡದಲ್ಲಿ ಬರೆದುಕೊಡುತ್ತಾರೆ.

ಇದು ಸುಲಭದ ದಾರಿ ಅಂತ ಕೆಲವರು ನನ್ನ ಮುಂದೆಯೇ ಅಂದಿದ್ದಾರೆ. ನಾನೂ ಮಾಡಿಸ್ಲಾ ಅಂತ ಇನ್ನು ಕೆಲವರು ಕೇಳಿದ್ದಾರೆ. ಕೇಳಿದವರಿಗೆ ನಾನು ಹೇಳೋದು ಇಷ್ಟು: ಬಿ12, ಡಿ, ಕಬ್ಬಿಣ, ಕ್ಯಾಲ್ಸಿಯಂ ಜೀವನಪೂರ್ತಿ, ರಕ್ತ ಪರೀಕ್ಷೆ ವರ್ಷ ವರ್ಷ, ನಿಮಗೆ ಬೇಕಾ ಬೇಡವಾ ಅನ್ನೋದನ್ನು ನಿಮ್ಮ ಡಾಕ್ಟರ ಹತ್ತಿರ ಕೂತು ಮಾತಾಡಿ. ನನಗೆ ಇನ್ಸುಲಿನ್ ನಿಂತಿದೆ, ಶುಗರ್ ಮಾತ್ರೆ ಒಂದಕ್ಕೆ ಇಳಿದಿದೆ, ಉಸಿರಿನ ಮಷೀನ್ ಬೇಡ ಅಂದಿದ್ದಾರೆ. ಹಸಿವು ಮತ್ತೆ ಸ್ವಲ್ಪ ಸ್ವಲ್ಪ ಬರುತ್ತಿದೆ, ಅದರ ಜೊತೆ ಇರೋದನ್ನು ಕಲಿಯಬೇಕು.

ಮುಂದಿನ ತಿಂಗಳು ನಮ್ಮ ನಾದಿನಿಗೆ ಹೆರಿಗೆ. ಒಳಲೆ ಅವಳ ಮಗುವಿಗೆ ಬೇಕು. ನಿನ್ನೆ ಸಂಜೆ ವಿಭೂತಿ ಹಾಕಿ ಉಜ್ಜಿ, ಬಿಸಿನೀರಿನಲ್ಲಿ ತೊಳೆದು, ಬಿಳಿ ಬಟ್ಟೆಯಲ್ಲಿ ಸುತ್ತಿದ್ದೇನೆ. ಅಂಚಿನ ನಗ್ಗು ಸರಿ ಮಾಡಿಸಲಿಲ್ಲ ಅತ್ತೆ, ಅದು ಹಾಗೇ ಇರಲಿ ಅನ್ನಿಸಿತು. ದೇವರ ಮನೆಯ ಗೂಡಿನಲ್ಲಿ, ಕುಂಕುಮದ ಬಟ್ಟಲಿನ ಪಕ್ಕ ಇಟ್ಟಿದ್ದೇನೆ.