ಪೀಣ್ಯಕ್ಕೆ ಫೋಟೊ ಬೇಡ, ಡ್ರಾಯಿಂಗ್ ತನ್ನಿ

ಮಾನ್ಯರೆ,

ನೀರಿನಿಂದ ತಂಪಾಗುವ ಕಂಪ್ಯೂಟರ್ ಕಟ್ಟುವ ಹವ್ಯಾಸಿಗಳು ಎಸ್.ಪಿ. ರಸ್ತೆಯ ಅಂಗಡಿಗಳಲ್ಲಿ ಸಿಗದ, ಒಳಗೆ ನೀರು ಹರಿಯುವ ಪ್ಲೇಟ್, ಬ್ಲಾಕ್‌ಗಳಂಥ ಭಾಗಗಳನ್ನು ಮಾಡಿಸಲು ಪೀಣ್ಯದ ಸಣ್ಣ ಸಿಎನ್‌ಸಿ (ಕಂಪ್ಯೂಟರ್ ನಡೆಸುವ ಕಟಿಂಗ್ ಮೆಷಿನ್) ವರ್ಕ್‌ಶಾಪ್‌ಗಳ ಬಾಗಿಲು ತಟ್ಟುತ್ತಾರೆ. ಒಳ್ಳೆಯದೇ. ಆದರೆ ಅವರ ಕೈಯಲ್ಲಿರುವುದು ಮೊಬೈಲಿನಲ್ಲೊಂದು ಚಿತ್ರ, ಇಲ್ಲವೇ 3ಡಿ ಆಕಾರವನ್ನಷ್ಟೇ ಹೇಳುವ ಎಸ್‌ಟಿಎಲ್ ಫೈಲು. ಎಸ್‌ಟಿಎಲ್‌ನಲ್ಲಿ ಅಳತೆಯ ಮಾನವೇ ಇರುವುದಿಲ್ಲ; ಮಿಲಿಮೀಟರೋ ಇಂಚೋ ಎಂದು ಮೆಷಿನ್ ಮುಂದೆ ನಿಂತವನು ಊಹಿಸಬೇಕು. ಕೊನೆಗೆ ಭಾಗ ಸೋರಿದರೆ ಬೈಗುಳವೂ ಅವನಿಗೇ. ಸೋರಿಕೆ ಶುರುವಾಗುವುದು ಬಹುಪಾಲು ಡ್ರಾಯಿಂಗ್‌ನಲ್ಲಿ. ಹಾಗಾಗಿ ಡ್ರಾಯಿಂಗ್‌ನಲ್ಲಿ ಏನೇನು ಇರಬೇಕೆಂದು ಬರೆಯುತ್ತಿದ್ದೇವೆ.

ಮೊದಲು ಥ್ರೆಡ್. ನೀರಿನ ಕೊಳವೆಯನ್ನು ಭಾಗಕ್ಕೆ ಜೋಡಿಸುವ ಫಿಟಿಂಗ್‌ಗಳದ್ದು ಜಿ 1/4, ಅಂದರೆ ಬ್ರಿಟಿಷ್ ಪೈಪ್ ಥ್ರೆಡ್‌ನ ನೇರ ಬಗೆ (ಬಿಎಸ್‌ಪಿ ಪ್ಯಾರಲಲ್): ಇಂಚಿಗೆ 19 ಸುತ್ತು, 55 ಡಿಗ್ರಿ ಕೋನ, ಹೊರ ವ್ಯಾಸ 13.157 ಮಿ.ಮೀ. ಟ್ಯಾಪ್ (ತೂತಿನೊಳಗೆ ಥ್ರೆಡ್ ಕೊರೆಯುವ ಉಪಕರಣ) ಹಾಕುವ ಮುಂಚಿನ ಡ್ರಿಲ್ 11.8 ಮಿ.ಮೀ. ‘ಕಾಲಿಂಚು’ ಎಂಬುದು ಹಳೆಯ ಪೈಪಿನ ಲೆಕ್ಕದ ಹೆಸರು, ತೂತಿನ ಅಳತೆಯಲ್ಲ. ‘ಕಾಲಿಂಚು ಥ್ರೆಡ್ ಹಾಕಿ’ ಎಂದಷ್ಟೇ ಹೇಳಿದರೆ ಒಬ್ಬರು ಅಮೆರಿಕದ ಪೈಪ್ ಥ್ರೆಡ್‌ನ ಎನ್‌ಪಿಟಿ ಟ್ಯಾಪ್ ಎತ್ತಿಕೊಳ್ಳುತ್ತಾರೆ, ಇನ್ನೊಬ್ಬರು ಪ್ಲಂಬಿಂಗ್‌ನ, ತುದಿಗೆ ಕಿರಿದಾಗುವ ಟೇಪರ್ ಟ್ಯಾಪ್. ಎನ್‌ಪಿಟಿಗೆ ಇಂಚಿಗೆ 18 ಸುತ್ತು, ಕೋನ 60 ಡಿಗ್ರಿ. ಫಿಟಿಂಗ್ ಎರಡು ಸುತ್ತು ಹೋಗಿ ಬಿಗಿಯುತ್ತದೆ, ಬಲ ಹಾಕಿದರೆ ಭಾಗದ ಅಕ್ರಿಲಿಕ್ (ಗಾಜಿನಂಥ ಪ್ಲಾಸ್ಟಿಕ್) ಸೀಳುತ್ತದೆ.

ನೀರನ್ನು ತಡೆಯುವುದು ಥ್ರೆಡ್ ಅಲ್ಲ, ಫಿಟಿಂಗ್‌ನ ಕಾಲರ್ ಕೆಳಗಿನ ರಬ್ಬರ್ ಬಳೆ, ಅಂದರೆ ಓ-ರಿಂಗ್. ಆದ್ದರಿಂದ ತೂತಿನ ಸುತ್ತ ಕಾಲರ್ ಪೂರ್ತಿ ಕೂರುವಷ್ಟು ಜಾಗ ಸಪಾಟಾಗಿ, ನುಣುಪಾಗಿ ಇರಲಿ. ತೂತಿನ ಬಾಯಿಯ ಓರೆ ಅಂಚು (ಚಾಂಫರ್) ಅರ್ಧ ಮಿ.ಮೀ. ಮೀರದಿರಲಿ, ದೊಡ್ಡದಾದರೆ ಓ-ರಿಂಗ್ ಅದರೊಳಗೇ ಜಾರಿಬಿಡುತ್ತದೆ. ನಲ್ಲಿಗೆ ಸುತ್ತುವ ಟೆಫ್ಲಾನ್ ಟೇಪ್ ಇಲ್ಲಿ ಬೇಡವೇ ಬೇಡ. ಕೈಬಿಗಿ ಸಾಕು, ಸ್ಪ್ಯಾನರ್ ಮುಟ್ಟಬೇಡಿ.

ಇನ್ನು, ಎರಡು ಪ್ಲೇಟ್‌ಗಳ ನಡುವೆ ಓ-ರಿಂಗ್ ಕೂರಲು ಕೊರೆಯುವ ಗ್ರೂವ್ (ಗಾಡಿ). ಅತಿ ಹೆಚ್ಚು ಕೆಲಸ ಕೆಡುವುದು ಇಲ್ಲೇ. 2 ಮಿ.ಮೀ. ದಪ್ಪದ ರಬ್ಬರ್ ಕಾರ್ಡ್‌ಗೆ (ಓ-ರಿಂಗ್‌ನ ದುಂಡು ಹುರಿ) ಗ್ರೂವ್ ಆಳ 1.5, ಅಗಲ 2.7 ಎಂದು ಬರೆಯಿರಿ. ಆಳ 1.5 ಆದರೆ ರಬ್ಬರ್ ಕಾಲು ಭಾಗ ಅದುಮುತ್ತದೆ. ಅದುಮಿದ ರಬ್ಬರ್ ಕುಗ್ಗುವುದಿಲ್ಲ, ಪಕ್ಕಕ್ಕೆ ಹರಡುತ್ತದೆ, ಅದಕ್ಕೆ ಜಾಗ ಬೇಕು. ಕಾರ್ಡ್‌ನ ಅಡ್ಡಕೊಯ್ತ 3.14 ಚದರ ಮಿ.ಮೀ., ಗ್ರೂವ್‌ನದು 4.05. ‘ಬಿಗಿಯಾಗಿ ಕೂರಲಿ’ ಎಂದು ಅಗಲವನ್ನೂ 2 ಮಾಡಿದರೆ ಜಾಗ 3 ಚದರ ಮಿ.ಮೀ. ಮಾತ್ರ. ಆಗ ರಬ್ಬರ್ ಪ್ಲೇಟನ್ನೇ ಎತ್ತುತ್ತದೆ, ಸ್ಕ್ರೂ ಬಿಗಿದಷ್ಟೂ ಪ್ಲೇಟ್ ಬಾಗುತ್ತದೆ. ತಿರುವಿನ ಒಳ ತ್ರಿಜ್ಯ 6 ಮಿ.ಮೀ.ಗಿಂತ ಕಡಿಮೆ ಬೇಡ. ಕಟರ್ ಗ್ರೂವ್‌ನ ಉದ್ದಕ್ಕೆ ಓಡಬೇಕು; ಅಡ್ಡಗೀರು ಬಿದ್ದರೆ ಪ್ರತಿ ಗೀರೂ ನೀರಿಗೊಂದು ಕಾಲುವೆ. 10 ಮಿ.ಮೀ. ಪ್ಲೇಟ್‌ಗೆ 25ರಿಂದ 30 ಮಿ.ಮೀ.ಗೊಂದು ಎಂ4 ಸ್ಕ್ರೂ ಹಾಕಿ, ಕಾರಿನ ಚಕ್ರದ ನಟ್ಟಿನಂತೆ ಎದುರುಬದುರು ಬಿಗಿಯಿರಿ.

ಅಕ್ರಿಲಿಕ್ ಕೊಳ್ಳುವಾಗ ‘ಕಾಸ್ಟ್ ಶೀಟ್’ (ಎರಕ ಹೊಯ್ದ ಹಾಳೆ) ಎಂದೇ ಕೇಳಿ. ಕರಗಿಸಿ ಒತ್ತಿ ತೆಗೆದ ಎಕ್ಸ್‌ಟ್ರೂಡೆಡ್ ಶೀಟ್ ಕಟರ್‌ಗೆ ಕರಗಿ ಅಂಟುತ್ತದೆ. ಲೇಸರ್‌ನಲ್ಲಿ ಕತ್ತರಿಸಿದರೆ ಅಂಚಿನಲ್ಲಿ ಒಳಒತ್ತಡ ಉಳಿಯುತ್ತದೆ. ಆಮೇಲೆ ಐಸೊಪ್ರೊಪೈಲ್ ಆಲ್ಕೊಹಾಲ್‌ನಿಂದ ಒರೆಸಿದರೆ ಕೂದಲೆಳೆಯಂಥ ಬಿರುಕುಗಳು ಏಳುತ್ತವೆ. ಒರೆಸಲು ಸೋಪುನೀರೇ ಸರಿ. ಮೆಷಿನಿಂಗ್ ಮುಗಿದ ಮೇಲೆ 80 ಡಿಗ್ರಿ ಓವನ್‌ನಲ್ಲಿ ಕೆಲವು ಗಂಟೆ ಇಟ್ಟು, ಬಾಗಿಲು ತೆರೆಯದೆ ನಿಧಾನವಾಗಿ ಆರಲು ಬಿಟ್ಟರೆ ಈ ಒತ್ತಡ ಬಹುಮಟ್ಟಿಗೆ ಇಳಿಯುತ್ತದೆ. ಒಳಗೆ ನೀರು ಹರಿಯುವುದು ಕಾಣಲೇಬೇಕೆಂಬ ಹಟವಿಲ್ಲದಿದ್ದರೆ ಅಸಿಟಾಲ್ ಎಂಬ ಗಟ್ಟಿ ಪ್ಲಾಸ್ಟಿಕ್ ಮೇಲು: ಥ್ರೆಡ್ ಗಟ್ಟಿ, ಸೀಳುವ ಭಯ ಕಡಿಮೆ. ಆದರೆ ಪಾರದರ್ಶಕ ಅಕ್ರಿಲಿಕ್‌ನಲ್ಲಿ ಹೊಳೆಯುವ ಬಣ್ಣದ ಎಲ್‌ಇಡಿಯ ಮೋಹ ದೊಡ್ಡದು.

ಅಗ್ಗವೆಂದು, ಚಿಪ್‌ನ ಶಾಖವನ್ನು ನೀರಿಗೆ ದಾಟಿಸುವ ಬ್ಲಾಕನ್ನು ಅಲ್ಯೂಮಿನಿಯಮ್‌ನಲ್ಲಿ ಮಾಡಿಸಬೇಡಿ. ಇಂಥ ಕಂಪ್ಯೂಟರಿಗೆ ಬಿಡಿಯಾಗಿ ಸಿಗುವ ರೇಡಿಯೇಟರ್‌ಗಳು ಬಹುತೇಕ ತಾಮ್ರ, ಹಿತ್ತಾಳೆಯವು. ಒಂದೇ ನೀರಿನಲ್ಲಿ ತಾಮ್ರ, ಅಲ್ಯೂಮಿನಿಯಮ್ ಎರಡೂ ಇದ್ದರೆ ಅಲ್ಯೂಮಿನಿಯಮ್ ಸವೆಯುತ್ತದೆ. ಅದರ ಮೇಲಿನ ಅನೊಡೈಸಿಂಗ್ ಎಂಬ ರಕ್ಷಣಾ ಪದರದಲ್ಲಿ ಒಂದು ಗೀರು ಬಿದ್ದರೂ ಅಲ್ಲಿಂದಲೇ ಶುರು.

ನೀರಿನ ವಿಷಯದಲ್ಲಿ ಬೋರ್‌ವೆಲ್ ಬೇಡವೆಂದು ಬೆಂಗಳೂರಿನವರಿಗೆ ಹೇಳಬೇಕಿಲ್ಲ, ಗೀಸರ್ ಕಾಯಿಲ್ ನೋಡಿದವರಿಗೆ ಗೊತ್ತು. ಕಾವೇರಿ ನೀರೂ ಬೇಡ, ಆರ್‌ಒ ನೀರಿನಲ್ಲೂ ಲವಣ ಉಳಿದಿರುತ್ತದೆ. ಡಿಸ್ಟಿಲ್ಡ್ ವಾಟರ್, ಜೊತೆಗೆ ತುಕ್ಕು ಮತ್ತು ಪಾಚಿ ತಡೆಯುವ ದ್ರಾವಣ. ನಿಮಿಷಕ್ಕೆ 1 ಲೀಟರ್ ಹರಿದರೆ ಪ್ರತಿ 70 ವ್ಯಾಟ್‌ಗೆ ನೀರು 1 ಡಿಗ್ರಿಯಷ್ಟೇ ಏರುತ್ತದೆ, ಹಾಗಾಗಿ ದೈತ್ಯ ಪಂಪ್ ಬೇಕಿಲ್ಲ. ರೇಡಿಯೇಟರ್ ಮಾತ್ರ ಕೊಂಚ ದೊಡ್ಡದಿರಲಿ: ಸಮುದ್ರಮಟ್ಟದಿಂದ 900 ಮೀಟರ್ ಮೇಲಿರುವ ನಮ್ಮೂರಿನ ಗಾಳಿ ಸುಮಾರು ಶೇ 10ರಷ್ಟು ತೆಳು, ಅದೇ ಫ್ಯಾನ್ ಅಷ್ಟು ಕಡಿಮೆ ಶಾಖ ಒಯ್ಯುತ್ತದೆ.

ಭಾಗ ಕೈಗೆ ಬಂದ ಕೂಡಲೇ ಕಂಪ್ಯೂಟರಿಗೆ ಕೂರಿಸಬೇಡಿ. ಫಿಟಿಂಗ್ ಕೂರುವ ತೂತುಗಳನ್ನೆಲ್ಲ (ಪೋರ್ಟ್) ಒಂದನ್ನು ಬಿಟ್ಟು ಮುಚ್ಚಿ, ಆ ಒಂದರಿಂದ ಗೇಜ್ ಇರುವ ಸೈಕಲ್ ಪಂಪ್‌ನಿಂದ 0.5 ಬಾರ್ ಗಾಳಿ ತುಂಬಿ. ಅರ್ಧ ಗಂಟೆ ಮುಳ್ಳು ಅಲುಗಬಾರದು. ಬಿಸಿಲಿನಲ್ಲಿಟ್ಟರೆ ಒತ್ತಡ ತಾನಾಗಿಯೇ ಏರಿ ಲೆಕ್ಕ ತಪ್ಪುತ್ತದೆ. ಜೋಡಿಸಿದ ಮೇಲೆ ಪಂಪ್‌ಗೆ ಮಾತ್ರ ಕರೆಂಟ್ ಕೊಟ್ಟು, ಪ್ರತಿ ಕೂಡಿಕೆಯ ಕೆಳಗೆ ಟಿಶ್ಯೂ ಹಾಸಿ 24 ಗಂಟೆ ನೀರು ಓಡಿಸಿ.

ವರ್ಕ್‌ಶಾಪ್‌ನವರಲ್ಲೂ ಒಂದು ಕೋರಿಕೆ. ಅಳತೆಯ ಮಾನವೂ ಇರುವ 3ಡಿ ಸ್ಟೆಪ್ ಫೈಲು, ಅದರ ಜೊತೆ ಥ್ರೆಡ್ ಮತ್ತು ಗ್ರೂವ್ ಅಳತೆ ಬರೆದ ಒಂದು ಹಾಳೆ, ಇವೆರಡೂ ಇಲ್ಲದ ಕೆಲಸವನ್ನು ಹಿಡಿಯಬೇಡಿ. ಆ ಹಾಳೆಯನ್ನು ಗ್ರಾಹಕರಿಂದ ನಿಜ ಅಳತೆಯಲ್ಲಿ ಪ್ರಿಂಟ್ ಹಾಕಿಸಿ, ಕ್ಯಾಬಿನೆಟ್‌ನೊಳಗೆ ಇಟ್ಟು ನೋಡಿ ಬರಲು ಹೇಳಿ. ಸ್ಕ್ರೂ ತೂತು ಎರಡು ಮಿ.ಮೀ. ಆಚೀಚೆ ಇದ್ದರೆ ಗೊತ್ತಾಗುವುದು ಐದು ರೂಪಾಯಿಯ ಕಾಗದದಲ್ಲಿ.

— ಟೂಲ್‌ರೂಮ್ ಕೆಲಸಗಾರರು, ಪೀಣ್ಯ 2ನೇ ಹಂತ, ಬೆಂಗಳೂರು