ವೇಗವಿದ್ದು ಗುರಿ ತಪ್ಪುವ ಹುಡುಗರನ್ನು ಒಂದೇ ಇನಿಂಗ್ಸ್ ನೋಡಿ ಕೈಬಿಡಬೇಡಿ

ಮಾನ್ಯ ಸಂಪಾದಕರಿಗೆ,

ಬೇಸ್‌ಬಾಲ್ ನಮ್ಮ ಮಂಡ್ಯ, ಮೈಸೂರು ಸೀಮೆಯ ಓದುಗರಿಗೆ ಅಷ್ಟಾಗಿ ಪರಿಚಯವಿಲ್ಲದ ಆಟವೆಂಬುದು ನನಗೆ ತಿಳಿದಿದೆ. ಆದರೂ ಸಾಫ್ಟ್‌ಬಾಲ್, ಬೇಸ್‌ಬಾಲ್ ತಂಡಗಳನ್ನು ಕಟ್ಟಿ ಮಕ್ಕಳನ್ನು ಮೈದಾನಕ್ಕಿಳಿಸುವ ಶಿಕ್ಷಕರು ಇಲ್ಲಿಯೂ ಇದ್ದಾರೆ. ಮಂಡ್ಯ ತಾಲ್ಲೂಕಿನ ಪ್ರೌಢಶಾಲೆಗಳಲ್ಲಿ ಬಹುಕಾಲ ದೈಹಿಕ ಶಿಕ್ಷಣ ಶಿಕ್ಷಕನಾಗಿದ್ದು ನಿವೃತ್ತನಾಗಿರುವ ನಾನು ಅವರಲ್ಲೊಬ್ಬ. ಕಳೆದ ತಿಂಗಳು ಮೈಸೂರಿನಲ್ಲಿ ನಡೆದ ಒಂದು ಆಯ್ಕೆ ಪಂದ್ಯದಲ್ಲಿ, ನಾನು ಎರಡು ವರ್ಷಗಳಿಂದ ಅಭ್ಯಾಸ ಮಾಡಿಸುತ್ತಿರುವ ಹದಿನಾರರ ಹುಡುಗನೊಬ್ಬನಿಗೆ ಪಿಚರ್ ಆಗಿ, ಅಂದರೆ ಬ್ಯಾಟರ್‌ಗೆ ಚೆಂಡು ಎಸೆಯುವವನಾಗಿ, ಒಂದೇ ಒಂದು ಇನಿಂಗ್ಸ್ (ಎದುರಾಳಿಯ ಮೂವರು ಔಟಾಗುವವರೆಗಿನ ಸರದಿ) ಕೊಟ್ಟು, ಚೆಂಡು ಇವನ ಹತೋಟಿಯಲ್ಲಿಲ್ಲ ಎಂದು ಹೊರಗಿಟ್ಟರು. ಮರುದಿನ ಹುಡುಗನ ತಂದೆ ನನ್ನ ಮನೆಗೆ ಬಂದು, “ಮೇಷ್ಟ್ರೇ, ಈ ಆಟದಲ್ಲಿ ಇವನಿಗೆ ದಾರಿ ಇದ್ದರೆ ಇದೆ ಅನ್ನಿ, ಇಲ್ಲ ಅಂದ್ರೆ ಈಗಲೇ ಬಿಡಿಸಿಬಿಡ್ತೀನಿ” ಎಂದರು. ಆ ಪ್ರಶ್ನೆಗೆ ನಾನು ಅವರಿಗೆ ಕೊಟ್ಟ ಉತ್ತರವನ್ನೇ ವಿಸ್ತರಿಸಿ, ಹುಡುಗರನ್ನು ಆರಿಸುವ ಹೊಣೆ ಹೊತ್ತವರ ಗಮನಕ್ಕೂ ಬರಲೆಂದು ತಮ್ಮ ಪತ್ರಿಕೆಗೆ ಬರೆಯುತ್ತಿದ್ದೇನೆ.

ಆಯ್ಕೆದಾರರ ಆತಂಕ ಸುಳ್ಳಲ್ಲ ಎಂಬುದನ್ನು ಮೊದಲೇ ಒಪ್ಪಿಕೊಳ್ಳುತ್ತೇನೆ. ಕ್ರಿಕೆಟ್‌ನಲ್ಲಿ ವೈಡ್ ಹಾಕಿದರೆ ಒಂದು ರನ್ ಕೊಟ್ಟು ಮತ್ತೊಂದು ಎಸೆತ ಹಾಕಿದರೆ ಮುಗಿಯಿತು. ಬೇಸ್‌ಬಾಲ್‌ನಲ್ಲಿ ಪಿಚರ್ ಒಬ್ಬ ಬ್ಯಾಟರ್‌ಗೆ ನಾಲ್ಕು ಎಸೆತಗಳನ್ನು ಗುರಿಯಿಂದಾಚೆ ಹಾಕಿದರೆ, ಆ ಬ್ಯಾಟರ್ ಒಂದು ಹೊಡೆತವನ್ನೂ ಹೊಡೆಯದೆ ಮೊದಲ ಬೇಸಿಗೆ, ಅಂದರೆ ರನ್ ಗಳಿಸಲು ಸುತ್ತಿಬರಬೇಕಾದ ನಿಲ್ದಾಣಗಳಲ್ಲಿ ಮೊದಲನೆಯದಕ್ಕೆ, ನಡೆದುಕೊಂಡು ಹೋಗುತ್ತಾನೆ. ಇದಕ್ಕೆ ವಾಕ್ ಎನ್ನುತ್ತಾರೆ. ಮೂರೂ ಬೇಸ್‌ಗಳಲ್ಲಿ ಆಟಗಾರರು ನಿಂತಿದ್ದಾಗ ವಾಕ್ ಕೊಟ್ಟರೆ ಎದುರಾಳಿಗೆ ಪುಕ್ಕಟೆಯಾಗಿ ರನ್ ಸಿಗುತ್ತದೆ. ನಮ್ಮ ಹುಡುಗ ಆ ದಿನ ಮಾಡಿದ್ದು ಅದನ್ನೇ. ನಾಲ್ವರಿಗೆ ವಾಕ್ ಕೊಟ್ಟ, ನಡುವೆ ಇಬ್ಬರನ್ನು ಚೆಂಡು ಕಾಣದಂತೆ ಸ್ಟ್ರೈಕ್‌ಔಟ್ ಮಾಡಿದ, ಅಂದರೆ ಮೂರು ಸ್ಟ್ರೈಕ್ ಹಾಕಿ ಬರೀ ಎಸೆತದಿಂದಲೇ ಔಟ್ ಮಾಡಿದ. ಆಯ್ಕೆದಾರರು ನಾಲ್ಕನ್ನು ಬರೆದುಕೊಂಡರು, ಎರಡನ್ನು ಬರೆದುಕೊಳ್ಳಲಿಲ್ಲ.

ಗುರಿ ಎಷ್ಟು ಸಣ್ಣದು ಎಂಬುದನ್ನು ಹೊರಗಿನಿಂದ ನೋಡುವವರು ಸಾಮಾನ್ಯವಾಗಿ ಅಂದಾಜು ಮಾಡುವುದಿಲ್ಲ. ಪಿಚರ್ ನಿಲ್ಲುವ ಜಾಗಕ್ಕೂ, ಬ್ಯಾಟರ್ ಮುಂದೆ ನೆಲದಲ್ಲಿರುವ ಹೋಂ ಪ್ಲೇಟ್ ಎಂಬ ಹಲಗೆಗೂ ಇರುವ ದೂರ 60 ಅಡಿ 6 ಅಂಗುಲ. ಪ್ಲೇಟಿನ ಅಗಲ 17 ಅಂಗುಲ. ಪ್ಲೇಟಿನ ನಡುಮಧ್ಯಕ್ಕೆ ಗುರಿಯಿಟ್ಟ ಚೆಂಡು ಕೈ ಬಿಡುವ ಕ್ಷಣದಲ್ಲಿ ಒಂದೇ ಒಂದು ಡಿಗ್ರಿ ಪಕ್ಕಕ್ಕೆ ಸರಿದರೂ, ಅಲ್ಲಿ ತಲುಪುವ ಹೊತ್ತಿಗೆ ಹೆಚ್ಚು ಕಡಿಮೆ ಒಂದು ಅಡಿ ದೂರ ಹೋಗಿರುತ್ತದೆ. ಅಂದರೆ ಪ್ಲೇಟಿನ ಅಂಚನ್ನೂ ದಾಟಿರುತ್ತದೆ. ಈ ಹುಡುಗ ಎಸೆಯಲು ಕಲಿತದ್ದು ಹುಣಸೆಮರಕ್ಕೆ ಕಲ್ಲು ಬೀಸಿ ಮತ್ತು ರಾಗಿ ಹೊಲದಲ್ಲಿ ಹಕ್ಕಿ ಓಡಿಸಿ. ಹುಣಸೆಮರ ಅಗಲವಾದದ್ದು, ಎಲ್ಲಿಗೆ ಹೊಡೆದರೂ ನಾಲ್ಕು ಕಾಯಿ ಉದುರುತ್ತವೆ. ಹಾಗೆ ಬೆಳೆದ ತೋಳಿಗೆ ವೇಗ ತಾನಾಗಿಯೇ ಬಂದಿದೆ, 17 ಅಂಗುಲದ ಅಭ್ಯಾಸ ಇನ್ನೂ ಆಗಬೇಕಿದೆ. ನನ್ನ ಅನುಭವದಲ್ಲಿ ವೇಗವನ್ನು ಯಾವ ಹುಡುಗನಿಗೂ ನಾನು ಕಲಿಸಿಕೊಟ್ಟಿದ್ದಿಲ್ಲ. ಗುರಿಯನ್ನು ಹಲವರಿಗೆ ಕಲಿಸಿದ್ದೇನೆ.

ಅಮೆರಿಕದಲ್ಲಿ ಈ ಆಟದ ದೊಡ್ಡ ಹೆಸರುಗಳೆನಿಸಿಕೊಂಡವರಲ್ಲಿ ಕೆಲವರು ಇದೇ ದೋಷವನ್ನು ವರ್ಷಗಟ್ಟಲೆ ಹೊತ್ತು ತಿರುಗಿದವರು. ಎಡಗೈ ಪಿಚರ್ ಸ್ಯಾಂಡಿ ಕೋಫ್ಯಾಕ್ಸ್ 1955ರಲ್ಲಿ ಬ್ರೂಕ್ಲಿನ್ ಡಾಡ್ಜರ್ಸ್ ತಂಡಕ್ಕೆ ಬಂದಾಗ ಅವರಿಗೆ ಹತ್ತೊಂಬತ್ತು ವರ್ಷ. ಹೆಚ್ಚಿನ ಮೊತ್ತ ಪಡೆದು ಸೇರಿದ ಹೊಸಬರನ್ನು ಎರಡು ವರ್ಷ ಮುಖ್ಯ ತಂಡದಲ್ಲಿಯೇ ಇರಿಸಿಕೊಳ್ಳಬೇಕೆಂಬ ಅಂದಿನ ನಿಯಮದಿಂದಾಗಿ, ಕೆಳಹಂತದ ಲೀಗ್‌ಗಳಲ್ಲಿ ಆಡಿ ಪಳಗುವ ಅವಕಾಶ ಅವರಿಗೆ ದೊರೆಯಲಿಲ್ಲ. ಮೊದಲ ಆರು ವರ್ಷಗಳಲ್ಲಿ ಅವರು ಗೆದ್ದದ್ದು 36, ಸೋತದ್ದು 40. 1958ರಲ್ಲಿ 159 ಇನಿಂಗ್ಸ್‌ಗೂ ಕಡಿಮೆ ಆಡಿ 105 ವಾಕ್ ಕೊಟ್ಟಿದ್ದರು. 1961ರ ಋತುವಿಗೆ ಮುಂಚಿನ ಅಭ್ಯಾಸ ಪಂದ್ಯವೊಂದರಲ್ಲಿ ಮೂರು ಬೇಸ್‌ಗಳೂ ತುಂಬಿಕೊಂಡಿದ್ದಾಗ ಬ್ಯಾಟರ್ ಹಿಂದೆ ಕೂತು ಚೆಂಡು ಹಿಡಿಯುವ ಕ್ಯಾಚರ್ ನಾರ್ಮ್ ಶೆರಿ ಕೋಫ್ಯಾಕ್ಸ್ ಬಳಿಗೆ ನಡೆದುಹೋಗಿ, ಅಷ್ಟು ಬಲ ಹಾಕಬೇಡ, ಬ್ಯಾಟರ್‌ಗಳು ಹೊಡೆದರೆ ಹೊಡೆಯಲಿ ಎಂಬರ್ಥದ ಮಾತನ್ನು ಹೇಳಿದರು. ಕೋಫ್ಯಾಕ್ಸ್ ಆ ಮಾತು ಕೇಳಿದರು. ಆ ವರ್ಷ 18 ಪಂದ್ಯ ಗೆದ್ದರು. 1963ರಲ್ಲಿ 311 ಇನಿಂಗ್ಸ್ ಆಡಿ 306 ಬ್ಯಾಟರ್‌ಗಳನ್ನು ಸ್ಟ್ರೈಕ್‌ಔಟ್ ಮಾಡಿದ ಅವರು ಇಡೀ ವರ್ಷದಲ್ಲಿ ಕೊಟ್ಟ ವಾಕ್‌ಗಳು ಬರೀ 58.

ಇಲ್ಲಿ ಒಂದು ಸೂಕ್ಷ್ಮವಿದೆ. ಅದನ್ನು ತಪ್ಪಾಗಿ ಅರ್ಥ ಮಾಡಿಕೊಂಡ ತರಬೇತುದಾರರು ಅನೇಕರಿದ್ದಾರೆ, ಒಂದು ಕಾಲಕ್ಕೆ ನಾನೂ ಹಾಗೆಯೇ ಮಾಡಿದ್ದೇನೆ. “ನಿಧಾನಕ್ಕೆ ಹಾಕು” ಎಂದು ಹುಡುಗನಿಗೆ ಹೇಳಿದರೆ ಅವನು ತೋಳನ್ನೇ ನಿಧಾನ ಮಾಡುತ್ತಾನೆ, ಆಗ ಚೆಂಡು ಇನ್ನಷ್ಟು ದಿಕ್ಕೆಡುತ್ತದೆ ಮತ್ತು ಅವನ ಕೈಯಲ್ಲಿದ್ದ ಒಂದೇ ಆಸ್ತಿಯಾದ ವೇಗವೂ ಹೋಗುತ್ತದೆ. ಕೋಫ್ಯಾಕ್ಸ್ ಬಿಟ್ಟುಕೊಟ್ಟದ್ದು ವೇಗವನ್ನಲ್ಲ, ಬಿಗಿತವನ್ನು. ಹಲ್ಲು ಕಚ್ಚಿ, ಕುತ್ತಿಗೆ ಬಿಗಿದು, ಚೆಂಡನ್ನು ಹಿಂಡುವಂತೆ ಹಿಡಿದು ಎಸೆಯುವವನ ಭುಜ ಪ್ರತಿ ಎಸೆತಕ್ಕೂ ಒಂದೊಂದು ಬಗೆಯಲ್ಲಿ ತೆರೆದುಕೊಳ್ಳುತ್ತದೆ. ಸಡಿಲವಾಗಿರುವ ಮೈ ಒಂದೇ ದಾರಿಯಲ್ಲಿ ಸಾಗುತ್ತದೆ. ನಮ್ಮ ಹುಡುಗನಿಗೆ ನಾನು ಹೇಳಿದ್ದು, ರೂಪಾಯಿಗೆ ಹನ್ನೆರಡಾಣೆಯಷ್ಟು ಬಲ ಹಾಕು, ಉಳಿದ ನಾಲ್ಕಾಣೆ ಜೇಬಿನಲ್ಲಿರಲಿ ಎಂದು. ಆಣೆಯ ಲೆಕ್ಕ ಅವನಿಗೆ ಗೊತ್ತಿರಲಿಲ್ಲ, ಅವನ ಅಜ್ಜಿಯನ್ನು ಕೇಳಿ ತಿಳಿದುಕೊಂಡು ಬಂದ. ಕ್ಯಾಚರ್ ಹುಡುಗನ ಅಂಗೈ ಮಾತ್ರ ಮೊದಲಿನಷ್ಟೇ ಕೆಂಪಾಗುತ್ತಿತ್ತು, ಅಂದರೆ ವೇಗ ಇಳಿದಿರಲಿಲ್ಲ.

ಗುರಿ ತಪ್ಪುವುದಕ್ಕೆ ಕಾರಣ ಬಹಳ ಸಲ ಕೈಯಲ್ಲಿರುವುದೇ ಇಲ್ಲ, ಕಾಲಿನಲ್ಲಿರುತ್ತದೆ. ಆರು ಅಡಿ ಹತ್ತು ಅಂಗುಲ ಎತ್ತರದ ರ್‍ಯಾಂಡಿ ಜಾನ್ಸನ್ 1990, 1991 ಮತ್ತು 1992ರಲ್ಲಿ ಸತತವಾಗಿ ಮೂರು ವರ್ಷ ಅಮೆರಿಕನ್ ಲೀಗ್‌ನಲ್ಲಿ ಎಲ್ಲರಿಗಿಂತ ಹೆಚ್ಚು ವಾಕ್ ಕೊಟ್ಟವರು. 1991ರಲ್ಲಿ ಆ ಸಂಖ್ಯೆ 152. ಎದುರಾಳಿ ತಂಡದ ಹಿರಿಯ ಪಿಚರ್ ನೋಲನ್ ರಯಾನ್ ಮತ್ತು ತರಬೇತುದಾರ ಟಾಮ್ ಹೌಸ್ 1992ರಲ್ಲಿ ಅವರನ್ನು ಕರೆದು, ಮುಂಗಾಲು ನೆಲಕ್ಕಿಡುವಾಗ ಹಿಮ್ಮಡಿ ಊರುತ್ತಿರುವುದರಿಂದ ಮೈ ಪಕ್ಕಕ್ಕೆ ತಿರುಗುತ್ತಿದೆ, ಪಾದದ ಮುಂಭಾಗ ಊರಬೇಕು ಎಂದು ತೋರಿಸಿಕೊಟ್ಟರು. ಮರುವರ್ಷ ಜಾನ್ಸನ್ 308 ಸ್ಟ್ರೈಕ್‌ಔಟ್ ಮಾಡಿ, ವಾಕ್‌ಗಳನ್ನು 99ಕ್ಕೆ ಇಳಿಸಿದರು. ಮುಂದೆ ವರ್ಷದ ಶ್ರೇಷ್ಠ ಪಿಚರ್‌ಗೆ ಕೊಡುವ ಸೈ ಯಂಗ್ ಪ್ರಶಸ್ತಿಯನ್ನು ಐದು ಬಾರಿ ಪಡೆದರು. ಎದುರಾಳಿ ತಂಡದವರು ಕರೆದು ಹೇಳಿಕೊಟ್ಟರೆಂಬುದು ನನ್ನನ್ನು ಇಂದಿಗೂ ತಟ್ಟುವ ಸಂಗತಿ. ಹೇಳಿಕೊಟ್ಟ ರಯಾನ್ ಕೂಡ ಹತೋಟಿಯಲ್ಲಿ ಮಾದರಿಯೇನಲ್ಲ. 27 ಋತುಗಳಲ್ಲಿ ಅವರು ಕೊಟ್ಟ ವಾಕ್ 2,795, ಮಾಡಿದ ಸ್ಟ್ರೈಕ್‌ಔಟ್ 5,714. ಎರಡರಲ್ಲಿಯೂ ಅವರೇ ಮೊದಲಿಗರು. ಅಂದರೆ ದೋಷ ಪೂರ್ತಿ ಹೋಗದಿದ್ದರೂ, ಹೊಡೆಯಲಾಗದಂಥ ಚೆಂಡು ಕೈಯಲ್ಲಿದ್ದರೆ ಆಟದಲ್ಲಿ ಉಳಿಯಬಹುದು.

ಹಾಗೆಂದು ಎಲ್ಲರೂ ಸರಿಹೋಗುತ್ತಾರೆಂದು ಹುಡುಗನ ತಂದೆಗೆ ನಾನು ಸುಳ್ಳು ಭರವಸೆ ಕೊಡಲಿಲ್ಲ. ಸ್ಟೀವ್ ಡಾಲ್ಕೌಸ್ಕಿ ಎಂಬುವರಿದ್ದರು. ಅವರಷ್ಟು ವೇಗವಾಗಿ ಎಸೆದವರನ್ನು ಕಂಡಿಲ್ಲವೆಂದು ಅವರೊಂದಿಗೆ ಆಡಿದ ಹಲವರು ಹೇಳಿದ್ದಾರೆ. 1960ರಲ್ಲಿ ಕೆಳಹಂತದ ಲೀಗ್ ಒಂದರಲ್ಲಿ 170 ಇನಿಂಗ್ಸ್ ಆಡಿ 262 ಸ್ಟ್ರೈಕ್‌ಔಟ್ ಮಾಡಿದರು, ಸರಿಯಾಗಿ 262 ವಾಕ್‌ಗಳನ್ನೂ ಕೊಟ್ಟರು. 1962ರಲ್ಲಿ ಅರ್ಲ್ ವೀವರ್ ಎಂಬ ವ್ಯವಸ್ಥಾಪಕರ ಕೈಕೆಳಗೆ ಅವರ ಹತೋಟಿ ಕೊನೆಗೂ ಕುದುರತೊಡಗಿತು. ಮರುವರ್ಷ ಮುಖ್ಯ ತಂಡದ ಬಾಗಿಲಿಗೆ ಬಂದು ನಿಂತಿದ್ದಾಗ ಮೊಣಕೈ ಕೈಕೊಟ್ಟಿತು. ಮುಖ್ಯ ಲೀಗ್‌ನಲ್ಲಿ ಅವರು ಒಂದು ಪಂದ್ಯವನ್ನೂ ಆಡಲಿಲ್ಲ. ಗುರಿ ಬರುವ ಹೊತ್ತಿಗೆ ತೋಳು ಉಳಿದಿರಬೇಕು ಎಂಬ ಭಯ ನನಗೆ ಬಂದದ್ದು ಈ ಕಥೆಯಿಂದ. ಹತೋಟಿ ಇಲ್ಲದ ಹುಡುಗನಿಗೆ ನಮ್ಮಲ್ಲಿ ಕೊಡುವ ಔಷಧ ಒಂದೇ, ಇನ್ನೂ ನೂರು ಎಸೆ ಎಂಬುದು. ದಣಿದ ತೋಳು ಕಲಿಯುವುದು ದಣಿದ ಚಲನೆಯನ್ನು. ಅಮೆರಿಕದ ಬೇಸ್‌ಬಾಲ್ ಸಂಸ್ಥೆಗಳು 2014ರಲ್ಲಿ ಹೊರತಂದ ಮಾರ್ಗಸೂಚಿಯ ಪ್ರಕಾರ 15–16 ವಯಸ್ಸಿನವರು ಪಂದ್ಯದ ದಿನ 95 ಎಸೆತಗಳನ್ನು ಮೀರಬಾರದು, 75 ದಾಟಿದರೆ ನಾಲ್ಕು ದಿನ ವಿಶ್ರಾಂತಿ ಕೊಡಬೇಕು. ನಮ್ಮ ಕ್ರೀಡಾಕೂಟಗಳಲ್ಲಿ ಒಬ್ಬನೇ ಹುಡುಗ ಬೆಳಗ್ಗೆ ಒಂದು ಪಂದ್ಯ, ಮಧ್ಯಾಹ್ನ ಮತ್ತೊಂದು ಪಂದ್ಯ ಎಸೆದದ್ದನ್ನು ನಾನು ಕಣ್ಣಾರೆ ನೋಡಿದ್ದೇನೆ. ಅವನ ಎಸೆತಗಳನ್ನು ಎಣಿಸುವವರು ಯಾರೂ ಇರಲಿಲ್ಲ.

ಇನ್ನೊಂದು ಬಗೆಯ ದಿಕ್ಕೆಡುವಿಕೆಯೂ ಇದೆ, ಅದು ಮನಸ್ಸಿನದು. ರಿಕ್ ಆಂಕೀಲ್ ಎಂಬ ಇಪ್ಪತ್ತೊಂದರ ಪಿಚರ್ 2000ನೇ ವರ್ಷವಿಡೀ ಚೆನ್ನಾಗಿ ಆಡಿ, ಅಕ್ಟೋಬರ್‌ನ ನಾಕೌಟ್ ಪಂದ್ಯದಲ್ಲಿ ಒಂದೇ ಇನಿಂಗ್ಸ್‌ನಲ್ಲಿ ಐದು ಬಾರಿ ಕ್ಯಾಚರ್‌ಗೂ ಸಿಗದಂತೆ ಚೆಂಡನ್ನು ಎಸೆದುಬಿಟ್ಟರು. ಆ ಹಿಡಿತ ಮತ್ತೆ ಪೂರ್ತಿಯಾಗಿ ಅವರಿಗೆ ಸಿಗಲಿಲ್ಲ. 2007ರಲ್ಲಿ ಅವರು ಬ್ಯಾಟ್ ಹಿಡಿದು, ಔಟ್‌ಫೀಲ್ಡರ್ ಆಗಿ ಮುಖ್ಯ ಲೀಗ್‌ಗೆ ಮರಳಿದರು. ಗೆರೆಯಾಚೆ ನಿಂತು “ನೇರಕ್ಕೆ ಹಾಕೋ” ಎಂದು ಹುಡುಗನ ಮೇಲೆ ಕೂಗಾಡುವ ಹಿರಿಯರು ಇದನ್ನು ನೆನಪಿಡಬೇಕೆಂದು ಕೈಮುಗಿದು ಕೇಳಿಕೊಳ್ಳುತ್ತೇನೆ. ಅವನಿಗೆ ಆ ಕ್ಷಣದಲ್ಲಿ ಬೇಕಾದದ್ದು ಕ್ಯಾಚರ್‌ನ ಕೈಗವಸನ್ನು ಮಾತ್ರ ನೋಡುವಷ್ಟು ನೆಮ್ಮದಿ.

ಆಯ್ಕೆಯ ಹಿಂದಿನ ರಾತ್ರಿ ನಮ್ಮ ಹುಡುಗ ಎಲ್ಲಿದ್ದ ಎಂಬುದನ್ನೂ ಇಲ್ಲಿ ಹೇಳಬೇಕು. ಅವನ ಮನೆಯವರದು ಆಲೆಮನೆ. ಆ ದಿನ ಆಳು ಬರಲಿಲ್ಲವೆಂದು ನಡುರಾತ್ರಿಯವರೆಗೆ ಗಾಣಕ್ಕೆ ಕಬ್ಬು ಕೊಟ್ಟು, ನಾಲ್ಕು ಗಂಟೆ ಮಲಗಿ, ಬೆಳಗಿನ ಮೊದಲ ಬಸ್ಸಿಗೆ ಮೈಸೂರಿಗೆ ಬಂದಿದ್ದ. ನನಗೂ ಇದು ತಿಳಿದದ್ದು ಪಂದ್ಯ ಮುಗಿದ ಮೇಲೆ. ತಂದೆಯನ್ನು ಬೈಯುವ ಮನಸ್ಸು ನನಗಿಲ್ಲ, ಕಬ್ಬು ಕಾಯುವುದಿಲ್ಲ ಎಂಬುದು ಈ ಸೀಮೆಯಲ್ಲಿ ಎಲ್ಲರಿಗೂ ಗೊತ್ತಿರುವ ವಿಷಯ. ಆದರೆ ಆಯ್ಕೆ ಒಂದೇ ಬೆಳಗಿನದಾಗಿರದೆ ಮೂರು ದಿನ ಹರಡಿಕೊಂಡಿದ್ದರೆ, ಎರಡನೆಯ ದಿನವಾದರೂ ಅವರು ಬೇರೆಯೇ ಹುಡುಗನನ್ನು ನೋಡುತ್ತಿದ್ದರು. ಹತೋಟಿಯೆಂಬುದು ಒಂದು ದಿನ ಇದ್ದು ಒಂದು ದಿನ ಇಲ್ಲವಾಗುವ ಗುಣ. ಅದನ್ನು ಒಂದು ದಿನದಲ್ಲಿ ಅಳೆಯಲು ಬರುವುದಿಲ್ಲ. ವೇಗವನ್ನಾದರೆ ಹತ್ತು ಎಸೆತಗಳಲ್ಲಿ ತಿಳಿಯಬಹುದು.

ನಮ್ಮ ಅಭ್ಯಾಸಕ್ಕೆ ದೊಡ್ಡ ಸೌಕರ್ಯಗಳೇನೂ ಇಲ್ಲ. ಶಾಲೆಯ ಹಿಂಗೋಡೆಗೆ ಗೋಣಿಚೀಲ ಕಟ್ಟಿ, ಅದರ ಮೇಲೆ ಸುಣ್ಣದಲ್ಲಿ ಪ್ಲೇಟಿನ ಅಗಲಕ್ಕೆ ಚೌಕಟ್ಟು ಬರೆದಿದ್ದೇವೆ. ಮುಂಗಾಲು ಊರಬೇಕಾದ ಜಾಗದಲ್ಲಿ ಒಂದು ಗೆರೆ ಎಳೆದಿದ್ದೇವೆ, ಎಸೆತದ ನಂತರ ಹೆಜ್ಜೆಯ ಗುರುತು ಎಲ್ಲಿ ಬಿದ್ದಿದೆಯೆಂದು ಅವನೇ ನೋಡಿಕೊಳ್ಳುತ್ತಾನೆ. ವಾರಕ್ಕೆ ಮೂರು ದಿನ, ದಿನಕ್ಕೆ 50 ಎಸೆತ, ಅದಕ್ಕಿಂತ ಒಂದೂ ಹೆಚ್ಚಿಲ್ಲ. ಜೂನ್‌ನಲ್ಲಿ 50ಕ್ಕೆ 18 ಚೌಕಟ್ಟಿನೊಳಗೆ ಬೀಳುತ್ತಿದ್ದವು; ಕಳೆದ ವಾರ 27 ಬಿದ್ದವು. ಇದು ಸಾಲದು. ಆದರೆ ಒಂದೇ ವರ್ಷದಲ್ಲಿ ನಾಲ್ಕು ಅಂಗುಲ ಎತ್ತರ ಬೆಳೆದ ಹುಡುಗ ತನ್ನ ಹೊಸ ಕೈಕಾಲುಗಳ ಅಳತೆಗೆ ಹೊಂದಿಕೊಳ್ಳಲು ತೆಗೆದುಕೊಳ್ಳುವ ಸಮಯವನ್ನು ಬಲ್ಲವರಿಗೆ, ಇದು ಸಾಗುತ್ತಿರುವ ದಿಕ್ಕು ಕಾಣುತ್ತದೆ.

ಭಾರತದ ಹುಡುಗರಿಗೆ ಆ ಆಟ ಎಲ್ಲಿ ಒಲಿಯುತ್ತದೆ ಎಂದು ಕೆಲವರು ಕೇಳುತ್ತಾರೆ. ಉತ್ತರ ಪ್ರದೇಶದ ಜಾವೆಲಿನ್ ಎಸೆತಗಾರರಾದ ರಿಂಕು ಸಿಂಗ್ ಮತ್ತು ದಿನೇಶ್ ಪಟೇಲ್ 2008ರಲ್ಲಿ ಪಿಟ್ಸ್‌ಬರ್ಗ್ ಪೈರೇಟ್ಸ್ ಸಂಸ್ಥೆಯ ಒಪ್ಪಂದ ಪಡೆದದ್ದು ನಡೆದ ಸಂಗತಿ. ಅವರು ಅದಕ್ಕೆ ಮುಂಚೆ ಬೇಸ್‌ಬಾಲ್ ಆಡಿದವರೇ ಅಲ್ಲ. ಮುಖ್ಯ ಲೀಗ್‌ವರೆಗೆ ಅವರು ಹೋಗಲಿಲ್ಲ, ನಿಜ. ಹುಡುಗನ ತಂದೆಗೆ ನಾನು ಅಷ್ಟು ದೂರದ ಉದಾಹರಣೆ ಕೊಡಲಿಲ್ಲ. ಮೈಸೂರಿನ ಜಾವಗಲ್ ಶ್ರೀನಾಥರು ಇಂಜಿನಿಯರಿಂಗ್ ಓದಿಕೊಂಡೇ ವೇಗದ ಬೌಲರ್ ಆಗಿ, 67 ಟೆಸ್ಟ್‌ಗಳಲ್ಲಿ 236 ವಿಕೆಟ್ ಪಡೆದದ್ದನ್ನು ನೆನಪಿಸಿ, ಓದು ನಿಲ್ಲಿಸುವ ಮಾತೇ ಇಲ್ಲ, ಆಟವನ್ನು ಮಾತ್ರ ಇನ್ನೆರಡು ವರ್ಷ ಬಿಡಿಸಬೇಡಿ ಎಂದೆ. ಹದಿನೆಂಟು ತುಂಬಿದ ಮೇಲೂ 50ಕ್ಕೆ 27 ಇದ್ದಲ್ಲಿಯೇ ಇದ್ದರೆ, ಅವನನ್ನು ಔಟ್‌ಫೀಲ್ಡ್‌ಗೆ ನಿಲ್ಲಿಸುವ ನಿರ್ಧಾರವನ್ನು ನಾನೇ ತೆಗೆದುಕೊಳ್ಳುತ್ತೇನೆ ಎಂದೂ ಹೇಳಿದೆ. ಅಲ್ಲಿಯೂ ಅಂಥ ತೋಳಿಗೆ ಕೆಲಸವಿದೆ. ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು, “ಆಯ್ತು ಮೇಷ್ಟ್ರೇ, ಮುಂದಿನ ಸಲ ಹಿಂದಿನ ದಿನವೇ ಕಳಿಸ್ತೀನಿ” ಎಂದು ಎದ್ದು ಹೋದರು.

ಸಂಕ್ರಾಂತಿ ಕಳೆದ ಮೇಲೆ ಮತ್ತೊಂದು ಆಯ್ಕೆ ಇದೆಯೆಂದು ಕೇಳಿದ್ದೇನೆ. ಅದನ್ನು ನಡೆಸುವವರಲ್ಲಿ ನನ್ನ ವಿನಂತಿಯೆಂದರೆ, ಪಿಚರ್‌ಗಳನ್ನು ಕನಿಷ್ಠ ಎರಡು ಬೇರೆ ಬೇರೆ ದಿನ ನೋಡಿ, ವಾಕ್‌ಗಳ ಪಕ್ಕದಲ್ಲಿ ಸ್ಟ್ರೈಕ್‌ಔಟ್‌ಗಳನ್ನೂ ಬರೆದುಕೊಳ್ಳಿ, ಕೈಬಿಡುವ ಹುಡುಗನಿಗೆ ಏನು ಸರಿಪಡಿಸಿಕೊಂಡು ಬರಬೇಕೆಂಬ ಒಂದು ಮಾತನ್ನಾದರೂ ಹೇಳಿ ಕಳಿಸಿ. ಎರಡು ವರ್ಷಗಳ ಎಸೆತದ ಲೆಕ್ಕವಿರುವ ನೋಟ್‌ಬುಕ್ಕಿನೊಂದಿಗೆ ನಾನು ಆ ಹುಡುಗನನ್ನು ಮತ್ತೆ ಕರೆದುಕೊಂಡು ಬರುತ್ತೇನೆ.

ಇಂತಿ ತಮ್ಮ ವಿಶ್ವಾಸಿ,
ನಿವೃತ್ತ ದೈಹಿಕ ಶಿಕ್ಷಣ ಶಿಕ್ಷಕ, ಮಂಡ್ಯ