ಆ ತಲೆವಸ್ತ್ರ ಹೊಸ ಸ್ಟೈಲಲ್ಲ

ಸಂಪಾದಕರೇ,

ಭಾನುವಾರದ ಪುರವಣಿಯಲ್ಲಿ ಕೆರಿಬಿಯನ್ ದ್ವೀಪಗಳ ಚೌಕಳಿ ತಲೆವಸ್ತ್ರವನ್ನು ‘ಈ ಬೇಸಿಗೆಯ ಹೊಸ ಸ್ಟೈಲ್’ ಎಂದು ಪರಿಚಯಿಸಿದ್ದೀರಿ. ಫೋಟೊ ಚೆನ್ನಾಗಿತ್ತು. ಆದರೆ ಅದನ್ನು ಕಟ್ಟಿಕೊಂಡು ಬಂದವರು ಯಾರು ಅಂತ ಒಂದು ಸಾಲೂ ಇರಲಿಲ್ಲ.

ಈಗ ಅಮೆರಿಕದ ರಾಜ್ಯವಾಗಿರುವ ಲೂಸಿಯಾನಾ 1786ರಲ್ಲಿ ಸ್ಪೇನಿನ ಕೈಯಲ್ಲಿತ್ತು. ಗುಲಾಮರಲ್ಲದ ಕಪ್ಪು ಮತ್ತು ಮಿಶ್ರ ವಂಶದ ಹೆಂಗಸರು ಕೂದಲಿಗೆ ಗರಿ, ಒಡವೆ ಮುಡಿಯುವಂತಿಲ್ಲ, ತಲೆಗೆ ಬಟ್ಟೆ ಕಟ್ಟಬೇಕು ಎಂದು ಗವರ್ನರ್ ಎಸ್ತೆಬಾನ್ ಮಿರೊ ಆಜ್ಞೆ ಹೊರಡಿಸಿದ. ಅವರೇನು ಮಾಡಿದರು ಗೊತ್ತಾ? ಕಟ್ಟಿದರು. ಕಣ್ಣು ಕುಕ್ಕುವ ಬಣ್ಣದ ಬಟ್ಟೆಯನ್ನೇ ಆರಿಸಿ, ಎತ್ತರಕ್ಕೆ ಸುತ್ತಿ ಕಟ್ಟಿದರು! ತಗ್ಗಿಸಲು ಹೋದವರಿಗೆ ಇದಕ್ಕಿಂತ ಒಳ್ಳೆ ಉತ್ತರ ಬೇಕಾ?

ಇನ್ನು ನಿಮ್ಮ ಫೋಟೊದಲ್ಲಿದ್ದ ಕೆರಿಬಿಯನ್‌ನ ಚೌಕಳಿ ಬಟ್ಟೆ ಮೊದಲು ಹಡಗು ಹತ್ತಿದ್ದು ನಮ್ಮ ಪಕ್ಕದ ಮದ್ರಾಸಿನ ಕಡೆಯಿಂದ. ನಾವು ಮನೆಯಲ್ಲಿ ಉಡುವ ಲುಂಗಿಯ ನೆಂಟನೇ ಅನ್ನಿ. ಅಲ್ಲಿನ ಮಾರ್ಟಿನಿಕ್ ದ್ವೀಪದಲ್ಲಿ ಅದನ್ನು ತಲೆಗೆ ಕಟ್ಟುವ ರೀತಿಗೂ ಅರ್ಥವಿತ್ತಂತೆ. ಒಂದು ತುದಿ ಮೇಲೆದ್ದಿದ್ದರೆ ಹುಡುಗಿಯ ಮನಸ್ಸು ಖಾಲಿ. ಎರಡಿದ್ದರೆ ಯಾರೋ ಇದ್ದಾರೆ. ಮೂರಾದರೆ ಮದುವೆಯಾಗಿದೆ. ನಾಲ್ಕಿದ್ದರೆ, ಮದುವೆಯಾಗಿದ್ದರೂ ಪ್ರಯತ್ನಿಸಿ ನೋಡಬಹುದು!

ಹಳೇ ಕಥೆ ಅಂತ ಬಿಡುವ ಹಾಗೂ ಇಲ್ಲ. ಕಪ್ಪು ಜನರ ಸಣ್ಣ ಜಡೆ, ಗುಂಗುರು ಕೂದಲಿನ ಕಾರಣಕ್ಕೆ ಶಾಲೆಯಲ್ಲಿ, ಕೆಲಸದಲ್ಲಿ ತಾರತಮ್ಯ ಮಾಡಬಾರದೆಂದು ಕ್ಯಾಲಿಫೋರ್ನಿಯಾ ಕಾನೂನು ತಂದದ್ದು 2019ರಲ್ಲಿ. ಅಮೆರಿಕದಲ್ಲಿ ಅದೇ ಮೊದಲ ರಾಜ್ಯ.

ಮುಂದಿನ ಸಲ ಫೋಟೊ ಒಂದು ಕಡಿಮೆಯಾದರೂ ಪರವಾಗಿಲ್ಲ, ಎರಡು ಪ್ಯಾರಾ ಜಾಸ್ತಿ ಬರೆಸಿ.

– ಓದುಗ, ಶಿವಮೊಗ್ಗ